ಮುದ್ದೆಯಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ಹೊಟ್ಟೆಯೆಂಬ ಕಾರ್ಖಾನೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾಗದು. ಬಾಯಿ, ಅನ್ನನಾಳ, ಜಠರ, ಕರುಳು ಅಂತ ಶಾಲೆಯ ಪಾಠದ ದಾರಿಯಲ್ಲೇ ನಡೆದಿದ್ದೀರಿ. ಪರೀಕ್ಷೆ ಬರೆದು ಮುಗಿಸಿದವರು ಅದನ್ನೇ ಮತ್ತೆ ಯಾಕೆ ಓದಬೇಕು?

ಆದರೆ ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: ‘ಮುದ್ದೆ ಅಗಿದರೆ ನಮ್ಮಜ್ಜಿ ಬೈಯುತ್ತಿದ್ದರು.’ ಅಲ್ಲಿ ಕಣ್ಣು ನಿಂತಿತು. ಯಾಕೆಂದರೆ ಮೊದಲ ಪುಟದಲ್ಲಿ ನೀವೇ ‘ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು’ ಎಂದು ಉಪದೇಶ ಮಾಡಿದ್ದೀರಿ. ಅಜ್ಜಿ ಹೇಳಿದ್ದು ನಿಜವೋ, ನೀವು ಹೇಳಿದ್ದೋ? ಲೇಖನ ಇರುವುದು ಈ ಜಗಳದಲ್ಲಿ.

ತುತ್ತು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಬಸ್ಸಾರಿನಲ್ಲಿ ಹೊರಳಿಸಿ, ಗುಳುಕ್ಕನೆ ನುಂಗಿದ ಮುದ್ದೆಯ ಬೆನ್ನು ಹತ್ತಿ. ಪಿಷ್ಟ ಒಡೆಯುವ, ಜೊಲ್ಲಿನ ಅಮೈಲೇಸ್ ಕಿಣ್ವದ ಕೈಗೆ ಅದು ಸರಿಯಾಗಿ ಸಿಗುವುದೇ ಇಲ್ಲ. ಜಠರದ ಪೆಪ್ಸಿನ್ ಕಿಣ್ವಕ್ಕೆ ಬೇಕಿರುವುದು ಪ್ರೋಟೀನು, ಪಿಷ್ಟವಲ್ಲ. ಹಾಗಂತ ಮುದ್ದೆ ಹಾಗೇ ಕೂರುತ್ತದೆಯೇ? ಜಠರ ಅದನ್ನು ಕಲಸಿ ಅಂಬಲಿ ಮಾಡಿ, ಸ್ವಲ್ಪಸ್ವಲ್ಪವೇ ಸಣ್ಣ ಕರುಳಿಗೆ ಬಿಡುತ್ತದೆ. ಅಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಬಂದು ಸೇರುತ್ತದೆ. ಪಿಷ್ಟ ಒಡೆಯುವ ಹೆಚ್ಚಿನ ಕೆಲಸ ನಡೆಯುವುದು ಅಲ್ಲೇ. ರಾಗಿ ಬೀಸಿ, ಹಿಟ್ಟು ಬೇಯಿಸಿ, ಕೋಲಿನಲ್ಲಿ ತಿರುವುವಾಗಲೇ ಹಲ್ಲಿನ ಪಾಲಿನ ಕೆಲಸ ಒಲೆಯ ಮೇಲೆ ಮುಗಿದಿರುತ್ತದೆ. (ಕಡಲೆಕಾಯಿಗೂ ಇದೇ ನ್ಯಾಯ ಅಂತ ಬರೆದುಬಿಡಬೇಡಿ.)

ಇನ್ನು ತಪ್ಪುಗಳು. ‘ಪಿತ್ತರಸದ ಕಿಣ್ವಗಳು ಕೊಬ್ಬನ್ನು ಕರಗಿಸುತ್ತವೆ’ ಎಂದಿದ್ದೀರಿ. ಪಿತ್ತರಸದಲ್ಲಿ ಜೀರ್ಣಕಾರಿ ಕಿಣ್ವವೇ ಇಲ್ಲ. ಜಿಡ್ಡು ಪಾತ್ರೆಗೆ ಸೋಪು ಮಾಡುವ ಕೆಲಸವನ್ನು ಅದು ಮಾಡುತ್ತದೆ: ಕೊಬ್ಬನ್ನು ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಒಡೆಯುವುದು ಲೈಪೇಸ್ ಎಂಬ ಕಿಣ್ವ. ಪಿತ್ತರಸ ತಯಾರಾಗುವುದೂ ಪಿತ್ತಕೋಶದಲ್ಲಲ್ಲ, ಯಕೃತ್ತಿನಲ್ಲಿ.

ಜಠರದೊಳಗೆ ಇಣುಕಿ ನೋಡಿದವರನ್ನು ‘ಒಬ್ಬ ವಿಜ್ಞಾನಿ’ ಅಂತ ಹಾರಿಸಿದ್ದೀರಲ್ಲ, ಅವರು ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನಿಗೆ ಗುಂಡೇಟು ಬಿತ್ತು. ಗಾಯ ಮಾಯ್ದರೂ ಜಠರದ ತೂತು ಮುಚ್ಚಲಿಲ್ಲ. ಬ್ಯೂಮಾಂಟ್ ಆ ತೂತಿನೊಳಗೆ ಮಾಂಸ, ಬ್ರೆಡ್ಡು, ಎಲೆಕೋಸನ್ನು ರೇಷ್ಮೆ ದಾರಕ್ಕೆ ಕಟ್ಟಿ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡಿದರು. ಇಂಥದ್ದನ್ನು ಕೈಬಿಟ್ಟು ‘ದೇವರ ಅದ್ಭುತ ಸೃಷ್ಟಿ’ ಅಂತ ಮೂರು ಕಡೆ ಬರೆದಿದ್ದೀರಿ. ಮೂರನ್ನೂ ಹೊಡೆದುಹಾಕಿ.

ಎಂಟುನೂರು ಪದ ಸಾಕು. ಅಜ್ಜಿ ಇದ್ದಾರೆಯೇ? ಇದ್ದರೆ, ಮುದ್ದೆ ಅಗಿದರೆ ಏನಾಗುತ್ತದೆ ಅಂತ ಬೈಯುತ್ತಿದ್ದರು, ಅವರ ಮಾತಲ್ಲೇ ಕೇಳಿ ಬರೆದು ಕಳಿಸಿ.

— ಸಂ.