ಕಮ್ಚಟ್ಕಾದ ಜ್ವಾಲಾಮುಖಿಗಳ ನಡುವೆ ಚಾರಣ

ಪ್ರಶ್ನೆ: ಕುಮಾರಪರ್ವತವನ್ನು ಎರಡು ಸಲ ಹತ್ತಿದ್ದೇನೆ. ರಷ್ಯಾದ ಕಮ್ಚಟ್ಕಾದಲ್ಲಿ ಮಾರ್ಗದರ್ಶಕರೊಂದಿಗೆ ಚಿಕ್ಕ ತಂಡದಲ್ಲಿ ಚಾರಣ ಮಾಡುವ ಆಸೆಯಿದೆ. ಜ್ವಾಲಾಮುಖಿಗಿಂತ ಕರಡಿಗಳ ಭಯವೇ ಹೆಚ್ಚು. ಹೋಗಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಹೋಗಬಹುದು, ಆದರೆ ತಯಾರಿ ಬೇಕು. ಚಾರಣಕ್ಕೆ ಜುಲೈನಿಂದ ಸೆಪ್ಟೆಂಬರ್ ಆರಂಭದವರೆಗಿನ ಅವಧಿ ಸೂಕ್ತ. ಪೆಟ್ರೊಪಾವ್ಲೊವ್ಸ್ಕ್ ನಗರದ ಸಮೀಪದ ಅವಾಚಿನ್ಸ್ಕಿ ಜ್ವಾಲಾಮುಖಿಯ ಎತ್ತರ 2,741 ಮೀಟರ್. ಅದರ ಸಡಿಲ ಬೂದಿ ಮತ್ತು ಕೆಂಪು ಕಿಟ್ಟದ ಇಳಿಜಾರಿನಲ್ಲಿ ಮುಂದಿಟ್ಟ ಹೆಜ್ಜೆ ಅರ್ಧ ಹಿಂದಕ್ಕೆ ಜಾರುವುದರಿಂದ, ನಮ್ಮ ಘಟ್ಟದ ಗಟ್ಟಿನೆಲದಲ್ಲಿ ಪಳಗಿದ ಕಾಲುಗಳಿಗೂ ಅದು ಬಹಳ ಶ್ರಮವೆನಿಸುತ್ತದೆ. ಮುಟ್ನೋವ್ಸ್ಕಿ ಜ್ವಾಲಾಮುಖಿಯ ಕುಳಿಯೊಳಗೆ ಹಿಮನದಿಯ ಪಕ್ಕದಲ್ಲೇ ಹಳದಿ ಗಂಧಕ ಮೆತ್ತಿದ ಬಿರುಕುಗಳಿಂದ ಬಿಸಿ ಹಬೆ ಏಳುತ್ತದೆ. ಅಲ್ಲಿ ಗಾಳಿಯ ದಿಕ್ಕು ಬದಲಾದರೆ ಅನಿಲ ನೇರವಾಗಿ ಮುಖಕ್ಕೇ ಬಡಿಯುವ ಕಾರಣ, ಮಾರ್ಗದರ್ಶಕರು ಹಿಂದಿರುಗಿ ಎಂದಾಗ ವಾದಿಸದೆ ಹಿಂದಿರುಗಬೇಕು. ಆಸ್ತಮಾ ಇರುವವರು ಮೊದಲೇ ವೈದ್ಯರನ್ನು ಕಾಣಲಿ.

ಕರಡಿಗಳ ಬಗೆಗಿನ ನಿಮ್ಮ ಭಯ ಸಕಾರಣವಾದದ್ದೇ. ಬೇಸಿಗೆಯಲ್ಲಿ ಸಾಕೈ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಕುರಿಲ್ ಸರೋವರಕ್ಕೆ ಬಂದಾಗ, ಕಂದು ಕರಡಿಗಳು ಮರಿಗಳ ಸಮೇತ ದಡದಲ್ಲಿ ನೆರೆಯುತ್ತವೆ. ಪೊದೆಗಳ ನಡುವೆ ಮಾತನಾಡುತ್ತಾ ಒಟ್ಟಾಗಿ ನಡೆಯಿರಿ. ಎದುರಾದರೆ ಓಡಬೇಡಿ, ನಿಧಾನವಾಗಿ ಹಿಂದೆ ಸರಿಯಿರಿ. ತಿಂಡಿಯ ಒಂದು ಚೂರನ್ನೂ ಗುಡಾರದೊಳಗೆ ಇಡಬೇಡಿ. ಚಿಕ್ಕ ತಂಡವನ್ನು ನಾನು ಮನಃಪೂರ್ವಕವಾಗಿ ಒಪ್ಪುವುದು ಇದಕ್ಕಾಗಿಯೇ: ಮಾರ್ಗದರ್ಶಕರ ಕಣ್ಣು ಪ್ರತಿಯೊಬ್ಬರ ಮೇಲೂ ಇರುತ್ತದೆ, ಕರಡಿಗಳಿಗೂ ಉಪದ್ರವ ಕಡಿಮೆ. ಹವಾಮಾನ ಕೆಟ್ಟರೆ ದೂರದ ಜಾಗಗಳಿಗೆ ಕರೆದೊಯ್ಯುವ ಹೆಲಿಕಾಪ್ಟರ್ ಹಾರುವುದಿಲ್ಲವಾದ್ದರಿಂದ, ಹಿಂದಿರುಗುವ ವಿಮಾನಕ್ಕೆ ಮುನ್ನ ಎರಡು ದಿನ ಬಿಡುವಿಟ್ಟುಕೊಳ್ಳಿ.