ಸ್ವಂತ ಕಾಮಿಕ್ಸ್ ನಂಬಿ ಕೆಲಸ ಬಿಡಬಹುದಾ?

ಪ್ರಕಾಶಕರ ಹಂಗಿಲ್ಲದೆ ಸ್ವಂತ ಕಾಮಿಕ್ಸ್ ಮಾಡಿ ಬದುಕಬಹುದಾ, ಅದಕ್ಕಾಗಿ ಕೆಲಸ ಬಿಡಲಾ ಅಂತ ಕೇಳಿದ್ದೀರಿ. ಬದುಕಬಹುದು. ಆದರೆ ನೀವು ಚಿತ್ರ ಬರೆಯುತ್ತಾ ಕೂತಾಗ ಪ್ರೆಸ್ಸಿಗೆ ಓಡಾಡುವವರು ಯಾರು, ಲೆಕ್ಕ ನೋಡುವವರು ಯಾರು? ಮೊದಲು ಅದನ್ನು ಯೋಚಿಸಿ.

ನಾನು ಆರು ವರ್ಷದ ಹಿಂದೆ 32 ಪುಟದ ಕಾಮಿಕ್ಸ್ ಒಂದನ್ನು ಕೈಯಿಂದ ದುಡ್ಡು ಹಾಕಿ 500 ಪ್ರತಿ ಮಾಡಿಸಿದೆ. ಬರೆಯಲು ಎಂಟು ತಿಂಗಳು ಹಿಡಿಯಿತು. ಆಮೇಲೆ ಪಾರ್ಸೆಲ್ ಕಟ್ಟುವುದು, ಅಂಗಡಿಗಳಿಂದ ಬಾಕಿ ವಸೂಲಿ ಮಾಡುವುದು, ಇದರಲ್ಲೇ ವರ್ಷ ಕಳೆಯಿತು. ಎರಡನೇ ಸಂಚಿಕೆಗೆ ಬ್ರಷ್ ಹಿಡಿಯಲು ಆಗಲೇ ಇಲ್ಲ. ತುಂಬಾ ಬೇಜಾರಾಗಿತ್ತು.

ಆಗ ನನಗೆ ದಾರಿ ತೋರಿಸಿದ್ದು ಅಮೆರಿಕದ ಜೆಫ್ ಸ್ಮಿತ್ ಅವರ ಕಥೆ. ಒಹಾಯೋದ ಕೊಲಂಬಸ್‌ನವರು. ಅನಿಮೇಷನ್ ಸ್ಟುಡಿಯೊ ನಡೆಸುತ್ತಿದ್ದವರು ಅದನ್ನು ಬಿಟ್ಟು, 1991ರಲ್ಲಿ ಕಾರ್ಟೂನ್ ಬುಕ್ಸ್ ಎಂಬ ಸ್ವಂತ ಸಂಸ್ಥೆಯಿಂದ 'ಬೋನ್' ಶುರು ಮಾಡಿದರು. ಊರು ಬಿಟ್ಟು ಓಡಿಬಂದ ಮೂವರು ಸೋದರಸಂಬಂಧಿಗಳು (ಕಸಿನ್‌ಗಳು) ಗೊತ್ತಿಲ್ಲದ ಕಣಿವೆಯೊಂದರಲ್ಲಿ ಸಿಕ್ಕಿಕೊಳ್ಳುವ ಕಥೆ ಅದು. ಬ್ರಷ್ಷು, ಕಪ್ಪು ಶಾಯಿ ಅಷ್ಟೇ, ಬಣ್ಣ ಇಲ್ಲ. ಮೊದಮೊದಲು ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದರು. ಆಮೇಲೆ ಅವರ ಹೆಂಡತಿ ವಿಜಯಾ ಅಯ್ಯರ್ ಒಳ್ಳೆಯ ಉದ್ಯೋಗ ಬಿಟ್ಟು ಬಂದು ವ್ಯವಹಾರ ವಹಿಸಿಕೊಂಡರು. ಮುದ್ರಣ, ವಿತರಣೆ, ಹಣಕಾಸು ಎಲ್ಲಾ ಅವರದೇ. ಆ ಹೆಸರು ಜಾಸ್ತಿ ಜನಕ್ಕೆ ಗೊತ್ತಿಲ್ಲ, ಅದು ಅನ್ಯಾಯ ಅನಿಸುತ್ತದೆ ನನಗೆ. ಅವರಿಲ್ಲದೆ ಸ್ಮಿತ್‌ಗೆ ಡೆಸ್ಕಿನ ಮುಂದೆ ಕೂರಲು ಹೊತ್ತು ಎಲ್ಲಿ ಸಿಗುತ್ತಿತ್ತು?

55 ಸಂಚಿಕೆ, 1,300ಕ್ಕೂ ಹೆಚ್ಚು ಪುಟ. ಮುಗಿದದ್ದು 2004ರಲ್ಲಿ. ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿಯಾದ ಐಸ್ನರ್ ಹತ್ತು ಬಂದವು.

ಇನ್ನೊಂದು ಮಾತು, ಇದು ಮುಖ್ಯ. 'ಬೋನ್' ಕೃತಿಸ್ವಾಮ್ಯವನ್ನು ಸ್ಮಿತ್ ಯಾರಿಗೂ ಬಿಟ್ಟುಕೊಡಲಿಲ್ಲ. ಅದರಿಂದಲೇ ಒಂದೇ ಕಥೆ ಮೊದಲು ಬಿಡಿ ಸಂಚಿಕೆಯಾಗಿ, ಆಮೇಲೆ ಪುಸ್ತಕಗಳಾಗಿ, ಕೊನೆಗೆ ಒಂದೇ ದಪ್ಪ ಸಂಪುಟವಾಗಿ ಮಾರಾಟವಾಯಿತು. 2005ರಿಂದ ಸ್ಕೊಲಾಸ್ಟಿಕ್ ಸಂಸ್ಥೆ ಅದಕ್ಕೇ ಬಣ್ಣ ತುಂಬಿಸಿ ಶಾಲಾ ಮಕ್ಕಳಿಗೆ ಮುಟ್ಟಿಸಿತು. ಪ್ರತಿ ಸಲವೂ ದುಡ್ಡು ಬರೆದವರ ಮನೆಗೇ ಬಂತು ಅಲ್ವಾ?

ಹಾಗಾಗಿ ಈಗಲೇ ರಾಜೀನಾಮೆ ಬೇಡ. ಸಂಜೆ ಹೊತ್ತು ಕೂತು ಮೂರು ಸಂಚಿಕೆ ಪೂರ್ತಿ ಬರೆದಿಡಿ, ಆಮೇಲೆ ಮೊದಲನೆಯದನ್ನು ಪ್ರೆಸ್ಸಿಗೆ ಕೊಡಿ. ನನ್ನ ಹಾಗೆ ಒಂದಕ್ಕೇ ನಿಂತರೆ ಓದುಗರು ಮತ್ತೆ ಸಿಗುವುದು ಕಷ್ಟ. ನನ್ನ ಎರಡನೆಯದು ಈಗ ಅರ್ಧ ಮುಗಿದಿದೆ. ಈ ಸಲ ಪಾರ್ಸೆಲ್ಲು, ಲೆಕ್ಕ ಎರಡೂ ನನ್ನ ತಂಗಿ ನೋಡಿಕೊಳ್ಳುತ್ತಾಳೆ, ಲಾಭದಲ್ಲಿ ಅವಳಿಗೂ ಪಾಲಿದೆ.