ಕೋರ್ಟಲ್ಲಿ ನೆನಪು ಕೈಕೊಟ್ರೆ ಅದು ಸುಳ್ಳಾ?

ಪ್ರಶ್ನೆ: ಸರ್, ಮೂರು ವರ್ಷದ ಹಿಂದೆ ಬೈಪಾಸ್ ಹತ್ರ ಒಂದು ಕಾರು ಬೈಕಿಗೆ ಗುದ್ದಿದ್ದನ್ನ ಟೀ ಅಂಗಡಿ ಮುಂದೆ ನಿಂತು ಕಣ್ಣಾರೆ ನೋಡಿದ್ದೆ, ಪೊಲೀಸ್ರಿಗೆ ಹೇಳಿಕೆನೂ ಕೊಟ್ಟಿದ್ದೆ. ಹೋದ ತಿಂಗಳು ಸಮನ್ಸ್ ಬಂತು ಅಂತ ಹೋಗಿ ಸಾಕ್ಷಿ ಹೇಳಿದೆ. ಕಾರು ಸಿಕ್ಕಾಪಟ್ಟೆ ಸ್ಪೀಡಲ್ಲಿತ್ತು, ರಸ್ತೆ ತುಂಬ ಗಾಜು ಬಿದ್ದಿತ್ತು ಅಂದೆ. ಪಾಟೀ ಸವಾಲಲ್ಲಿ ಆ ಕಡೆ ವಕೀಲರು ನನ್ನ ಹಳೇ ಹೇಳಿಕೆ ತೆಗೆದು ಓದಿದ್ರು. ಅದ್ರಲ್ಲಿ ಗಾಜಿನ ಮಾತೇ ಇಲ್ಲ, ಮಹಜರ್ ಫೋಟೋದಲ್ಲೂ ಗಾಜಿಲ್ಲ. ಎಲ್ಲರ ಎದುರು 'ಸುಳ್ಳು ಸಾಕ್ಷಿ ಹೇಳ್ತಿದೀರಾ' ಅಂದ್ಬಿಟ್ರು. ದೇವರಾಣೆ, ಆ ಗಾಜು ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ವಯಸ್ಸು 46. ಮರೆವಿನ ಕಾಯಿಲೆ ಏನಾದ್ರೂ ಶುರುವಾಗಿದ್ಯಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಬರೆದಿದ್ರಲ್ಲಿ ಕಾಯಿಲೆ ಅನ್ನೋ ಹಾಗೇನೂ ಕಾಣಲಿಲ್ಲ. ನಿಮ್ಮ ಗಾಜಿನ ವಿಷಯ ಓದಿ ನಂಗೆ ಸಣ್ಣ ನಗು ಬಂತು, ಬೇಜಾರಾಗ್ಬೇಡಿ, ಯಾಕಂದ್ರೆ ಇದೇ ಗಾಜು 1974ರಲ್ಲಿ ಅಮೆರಿಕದಲ್ಲೂ ಬಿದ್ದಿತ್ತು, ಅಲ್ಲೂ ಗಾಜೇ ಇರಲಿಲ್ಲ!

ಎಲಿಜಬೆತ್ ಲಾಫ್ಟಸ್ ಮತ್ತೆ ಜಾನ್ ಪಾಮರ್ ಅಂತ ಇಬ್ಬರು ಸಂಶೋಧಕರು ಸ್ಟೂಡೆಂಟ್ಸ್‌ಗೆ ಕಾರು ಆಕ್ಸಿಡೆಂಟಿನ ಚಿಕ್ಕ ಚಿಕ್ಕ ಫಿಲ್ಮ್ ತೋರಿಸಿ ಸ್ಪೀಡ್ ಎಷ್ಟಿತ್ತು ಅಂತ ಕೇಳಿದ್ರು. ಕೆಲವರಿಗೆ 'ಕಾರುಗಳು ಡಿಕ್ಕಿ ಹೊಡೆದಾಗ' ಅಂತ ಕೇಳಿದ್ರು, ಕೆಲವರಿಗೆ 'ಅಪ್ಪಳಿಸಿದಾಗ' ಅಂತ, ಅಷ್ಟೇ ವ್ಯತ್ಯಾಸ. ಡಿಕ್ಕಿ ಅಂದಾಗ ಸರಾಸರಿ ಉತ್ತರ ಗಂಟೆಗೆ 34 ಮೈಲಿ, ಅಪ್ಪಳಿಸಿದಾಗ ಅಂದ ತಕ್ಷಣ 40ಕ್ಕೂ ಮೇಲೆ. ಅವರು ಅಷ್ಟಕ್ಕೇ ಬಿಡಲಿಲ್ಲ. ಇನ್ನೊಂದು ಪ್ರಯೋಗದಲ್ಲಿ 150 ಜನಕ್ಕೆ ಬೇರೆ ಫಿಲ್ಮ್ ತೋರಿಸಿ, ಒಂದು ವಾರ ಬಿಟ್ಟು ವಾಪಸ್ ಕರೆದು 'ಒಡೆದ ಗಾಜು ನೋಡಿದ್ರಾ' ಅಂದ್ರು. ಫಿಲ್ಮಲ್ಲಿ ಗಾಜು ಒಡೆದೇ ಇರಲಿಲ್ಲ. ಆದ್ರೂ 'ಅಪ್ಪಳಿಸಿದಾಗ' ಅನ್ನೋ ಮಾತು ಕಿವಿಗೆ ಬಿದ್ದಿದ್ದ 50 ಜನದಲ್ಲಿ 16 ಮಂದಿ ನೋಡಿದ್ವಿ ಅಂದ್ರು, 'ಡಿಕ್ಕಿ' ಅಂತ ಕೇಳಿಸಿಕೊಂಡವರಲ್ಲಿ 7, ಸ್ಪೀಡ್ ಬಗ್ಗೆ ಏನೂ ಕೇಳದೇ ಇದ್ದವರಲ್ಲೂ 6. ಅಂದ್ರೆ ಯಾರೂ ಏನೂ ತುಂಬದೇ ಇದ್ರೂ ನಮ್ಮ ತಲೆ ತಾನೇ ಒಂಚೂರು ಗಾಜು ಒಡೆದುಕೊಳ್ಳುತ್ತೆ.

ಈಗ ನಿಮ್ಮ ವಿಷಯ ನೋಡಿ. ಮೂರು ವರ್ಷದಲ್ಲಿ ಇದೇ ಕಥೆನ ಟೀ ಅಂಗಡಿಲಿ, ಮದುವೆ ಮನೇಲಿ, ಬಸ್ಸಲ್ಲಿ ಎಷ್ಟು ಸಲ ಹೇಳಿರ್ತೀರಾ? ನಾವು ಕಥೆ ಹೇಳೋವಾಗ 'ತಾಗ್ತು' ಅನ್ನಲ್ಲ, 'ನಜ್ಜುಗುಜ್ಜು ಮಾಡ್ಬಿಟ್ಟ' ಅಂತೀವಿ. ಮುಂದಿನ ಸಲ ನೆನಪು ಮಾಡ್ಕೊಳ್ಳೋವಾಗ ಮೊದಲು ನೋಡಿದ್ದರ ಜೊತೆ ಹೇಳಿದ್ದೂ ಸೇರಿಕೊಂಡು ಎದ್ದು ಬರುತ್ತೆ, ಯಾವುದು ಕಣ್ಣಿಂದ್ದು ಯಾವುದು ಬಾಯಿಂದ್ದು ಅಂತ ಒಳಗಡೆ ಲೇಬಲ್ ಅಂಟಿಸಿರಲ್ಲ. ಹಂಗಂತ ಗಾಜು ಇರಲೇ ಇಲ್ಲ ಅಂತ ನಾನು ಹೇಳಕ್ಕಾಗಲ್ಲ, ಫೋಟೋ ತೆಗೆಯೋದ್ರೊಳಗೆ ಯಾರಾದ್ರೂ ಗುಡಿಸಿರಬಹುದು. ನಿಮ್ಮ ಮನಸ್ಸಲ್ಲಿ ಚಿತ್ರ ಸ್ಪಷ್ಟವಾಗಿದೆ ಅನ್ನೋದೊಂದರಿಂದಲೇ ಅದು ತೀರ್ಮಾನ ಆಗಲ್ಲ ಅಂತ ಮಾತ್ರ ಹೇಳಬಲ್ಲೆ.

ಗ್ಯಾರಂಟಿ ನೋಡಿದೀನಿ ಅನ್ನೋ ಆ ಧೈರ್ಯ ಇದೆಯಲ್ಲ, ಅದೂ ಹೀಗೇ ಆಮೇಲೆ ಬೆಳೆಯೋದು. 1998ರಲ್ಲಿ ಗ್ಯಾರಿ ವೆಲ್ಸ್ ಮತ್ತೆ ಏಮಿ ಬ್ರಾಡ್‌ಫೀಲ್ಡ್ ಜನಕ್ಕೆ ಬಂದೂಕು ಹಿಡಿದವನ ವಿಡಿಯೋ ತೋರಿಸಿ, ಆಮೇಲೆ ಅವನು ಇಲ್ಲದೇ ಇರೋ ಫೋಟೋಗಳನ್ನ ಕೊಟ್ಟು ಗುರುತಿಸಿ ಅಂದ್ರು. ಎಲ್ರೂ ತಪ್ಪು ಆಳನ್ನೇ ತೋರಿಸಿದ್ರು. ಅದ್ರಲ್ಲಿ ಕೆಲವರಿಗೆ 'ಗುಡ್, ಸರಿಯಾಗಿ ಗುರುತಿಸಿದ್ರಿ' ಅಂತ ಒಂದು ಮಾತು ಹೇಳಿದ್ದಕ್ಕೆ ಅವರಿಗೆ ಧೈರ್ಯ ಮಾತ್ರ ಅಲ್ಲ, ಅವತ್ತು ಮುಖ ಚೆನ್ನಾಗಿ ಕಾಣ್ತಿತ್ತು, ನಾವು ಗಮನ ಇಟ್ಟು ನೋಡಿದ್ವಿ ಅನ್ನೋ ನೆನಪೂ ಜಾಸ್ತಿ ಆಯ್ತು!

ನಿಜವಾದ ಕೇಸಲ್ಲಿ ಇದು ಎಷ್ಟು ದುಬಾರಿ ಆಗುತ್ತೆ ಅಂದ್ರೆ, 1984ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಅತ್ಯಾಚಾರಕ್ಕೆ ಒಳಗಾದ 22 ವರ್ಷದ ವಿದ್ಯಾರ್ಥಿನಿ ಆ ಹೊತ್ತಲ್ಲೂ ದಾಳಿ ಮಾಡಿದವನ ಮುಖ ಮರೀಬಾರದು ಅಂತ ಬೇಕಂತಲೇ ಗಮನಿಸಿದ್ಲು. ಫೋಟೋದಲ್ಲಿ ರೊನಾಲ್ಡ್ ಕಾಟನ್ ಅನ್ನೋನನ್ನ ತೋರಿಸಿದ್ಲು, ಆಮೇಲೆ ಸಾಲಲ್ಲಿ ನಿಲ್ಲಿಸಿದಾಗಲೂ ಅವನನ್ನೇ. ಫೋಟೋದಲ್ಲಿ ಆರಿಸಿದ್ದೂ ಇವನನ್ನೇ ಅಂತ ಪೊಲೀಸ್ರು ಹೇಳಿದ್ರು, ಕೋರ್ಟಿಗೆ ಬರೋ ಹೊತ್ತಿಗೆ ಅವಳಿಗೆ ಅನುಮಾನವೇ ಉಳಿದಿರಲಿಲ್ಲ. ಅಸಲಿ ಅಪರಾಧಿ ಬಾಬಿ ಪೂಲ್‌ನನ್ನ ಎರಡನೇ ವಿಚಾರಣೇಲಿ ಎದುರಿಗೇ ತಂದು ನಿಲ್ಲಿಸಿದ್ರೂ ಇವನನ್ನ ನೋಡೇ ಇಲ್ಲ ಅಂದ್ಲು. 1995ರಲ್ಲಿ ಡಿಎನ್‌ಎ ಟೆಸ್ಟ್ ಆದ್ಮೇಲೆ ಕಾಟನ್ ಹೊರಗೆ ಬಂದ, ಅಷ್ಟರಲ್ಲಿ ಹತ್ತು ವರ್ಷದ ಮೇಲೆ ಜೈಲಲ್ಲಿ ಕಳೆದಿತ್ತು. ಆ ಹುಡುಗಿನೂ ಒಂದೂ ಸುಳ್ಳು ಹೇಳಿರಲಿಲ್ಲ ಸ್ವಾಮಿ.

ಸುಳ್ಳು ಸಾಕ್ಷಿ ಅನ್ನೋ ಹೆದರಿಕೆ ನಿಮಗಿದ್ರೆ, ಕಾನೂನಲ್ಲಿ ಆ ಅಪರಾಧಕ್ಕೆ ಸುಳ್ಳು ಅಂತ ಗೊತ್ತಿದ್ದೋ, ನಿಜ ಅಂತ ತನಗೇ ನಂಬಿಕೆ ಇಲ್ಲದೆಯೋ ಹೇಳಿರಬೇಕು. ನಮ್ಮ ಸುಪ್ರೀಂ ಕೋರ್ಟ್ 1983ರಲ್ಲೇ ಭರವಾಡ ಭೋಗಿನ್‌ಭಾಯಿ ಹಿರ್ಜಿಭಾಯಿ ಕೇಸಲ್ಲಿ, ಸಾಕ್ಷಿಗೆ ಫೋಟೋ ತೆಗೆದಂಥ ನೆನಪು ಇರುತ್ತೆ ಅಂತ ನಿರೀಕ್ಷೆ ಮಾಡಬಾರದು, ವಿಡಿಯೋ ಟೇಪ್ ಹಾಕಿದ ಹಾಗೆ ಮನಸ್ಸಲ್ಲಿ ಓಡಲ್ಲ, ಕೋರ್ಟಿನ ವಾತಾವರಣ ಮತ್ತೆ ಪಾಟೀ ಸವಾಲಿಗೇ ಗಾಬರಿಯಾಗಿ ಸಾಕ್ಷಿ ತಡವರಿಸಬಹುದು ಅನ್ನೋ ಅರ್ಥದಲ್ಲಿ ಬರೆದಿದೆ. ಇನ್ನೊಂದು ವಿಷಯ, ತನಿಖೆ ಟೈಮಲ್ಲಿ ಪೊಲೀಸ್ರು ಬರ್ಕೊಳ್ಳೋ ಹೇಳಿಕೆಗೆ ಸಾಕ್ಷಿ ಸಹಿ ಹಾಕೋ ಹಾಗಿಲ್ಲ, ಮೊದಲೂ ಇರಲಿಲ್ಲ, 2024ರ ಜುಲೈಯಿಂದ ಬಂದಿರೋ ಬಿಎನ್‌ಎಸ್‌ಎಸ್ ಅನ್ನೋ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನಲ್ಲೂ ಇಲ್ಲ. ನೀವು ಹೇಳಿದ್ದೆಲ್ಲ ಹಾಗೇ ಇಳಿದಿದೆಯಾ ಅಂತ ನೀವೇ ಓದಿರಲ್ಲ, ಮೂರು ವರ್ಷ ಆದ್ಮೇಲೆ ಅದನ್ನೇ ಹಿಡಿದು ನಿಮ್ಮನ್ನ ಪ್ರಶ್ನೆ ಮಾಡ್ತಾರೆ. ನಂಗಂತೂ ಇದು ಸರಿ ಕಾಣಲ್ಲ, ಮೊದಲ ದಿನದ ಮಾತನ್ನ ಪ್ರಶ್ನೆ ಸಮೇತ ರೆಕಾರ್ಡ್ ಮಾಡಿಟ್ಟಿದ್ರೆ ಅರ್ಧ ಗೋಳು ತಪ್ಪುತ್ತಿತ್ತು.

ಮುಂದೆ ಎಂದಾದ್ರೂ ಏನಾದ್ರೂ ನೋಡಿದ್ರೆ ಅವತ್ತೇ, ಪಕ್ಕದವರ ಹತ್ರ ಮಾತಾಡೋಕೆ ಮುಂಚೆ, ನಿಮ್ಮದೇ ಮಾತಲ್ಲಿ ಬರೆದು ತಾರೀಖು ಹಾಕಿ ಇಟ್ಕೊಳ್ಳಿ. ಕಟಕಟೇಲಿ 'ನೆನಪಿಲ್ಲ' ಅನ್ನೋಕೆ ನಾಚಿಕೆ ಬೇಡ.

ಪ್ರಶ್ನೆ: ಸಾಕ್ಷಿ, ಆರೋಪಿ ಎಲ್ರಿಗೂ ನಾರ್ಕೋ ಟೆಸ್ಟ್ ಮಾಡಿಸಿದ್ರೆ ನಿಜ ಹೊರಗೆ ಬರಲ್ವಾ?
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಬರಲ್ಲ. ನಾರ್ಕೋದಲ್ಲಿ ಪೆಂಟೋಥಾಲ್ ಅನ್ನೋ ಮಂಪರು ಔಷಧಿ ಕೊಟ್ರೆ ನಾಲಿಗೆ ಸಡಿಲ ಆಗುತ್ತೆ, ಮನುಷ್ಯ ಜಾಸ್ತಿ ಮಾತಾಡ್ತಾನೆ, ಆದ್ರೆ ಕೇಳೋರು ಎಳೆದ ಕಡೆಗೇ ವಾಲೋದೂ ಜಾಸ್ತಿ ಆಗುತ್ತೆ, ಕಲ್ಪನೆನೂ ಅದೇ ಧಾಟೀಲಿ ಹೊರಗೆ ಬರುತ್ತೆ. ಮೇಲೆ ಹೇಳಿದ ಗಾಜಿನ ಪ್ರಶ್ನೆನ ಅರ್ಧ ನಿದ್ದೇಲಿ ಇರೋನಿಗೆ ಕೇಳಿದ ಹಾಗೆ. ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್ (ಸುಳ್ಳು ಪತ್ತೆ ಯಂತ್ರದ ಟೆಸ್ಟ್), ಬ್ರೇನ್ ಮ್ಯಾಪಿಂಗ್ (ಮೆದುಳಿನ ಅಲೆ ನೋಡೋ ಟೆಸ್ಟ್) ಮಾಡೋದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಆ ಕೇಸಿನ ಹೆಸರು ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ, ನಮ್ಮ ರಾಜ್ಯದ್ದೇ.